ಮಕ್ಕಳ ಕಟಿಂಗ್‌ಗೆ ಎಂಥ ಕ್ಲಿಪ್ಪರ್ ಕೊಳ್ಳಬೇಕು?

ಕಟಿಂಗ್ ಮಿಷನ್ ಕಂಡೊಡನೆ ಕಿರುಚುವ ಮಗುವನ್ನು ನೋಡಿ ಮನೆಯವರು ‘ಸದ್ದಿಗೆ ಹೆದರ್ತಾನೆ’ ಎಂದು ಸುಮ್ಮನಾಗುತ್ತಾರೆ. ಸದ್ದೂ ಒಂದು ಕಾರಣವೇ. ಆದರೆ ಮೊದಲ ಸಲ ಸುಮ್ಮನೆ ಕೂತಿದ್ದ ಮಗು ಎರಡನೇ ಸಲ ಮಿಷನ್ ನೋಡಿಯೇ ಓಡಿದರೆ, ಹಿಂದಿನ ಸಲ ನೋವಾಗಿರುವ ಸಾಧ್ಯತೆ ಹೆಚ್ಚು. ಕ್ಲಿಪ್ಪರ್‌ನಿಂದ ನೋವಾಗುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಬ್ಲೇಡು ಕೂದಲನ್ನು ಕತ್ತರಿಸದೆ ಹಿಡಿದು ಎಳೆಯುತ್ತದೆ, ಇಲ್ಲವೇ ಹಲ್ಲುಗಳ ನಡುವೆ ಚರ್ಮ ಸಿಕ್ಕಿ ಚಿವುಟುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಟರ್ಬೊ’, ‘ಟೈಟೇನಿಯಂ’, ‘120 ನಿಮಿಷ’ ಎಲ್ಲ ಆಮೇಲಿನ ಮಾತು. ಇದು ಎಳೆಯುತ್ತದೆಯೇ, ಚಿವುಟುತ್ತದೆಯೇ ಎಂಬುದೇ ಮೊದಲು ನೋಡಬೇಕಾದದ್ದು.

ತೊಡಕು ಏನೆಂದರೆ, ಒಂದನ್ನು ತಪ್ಪಿಸಲು ಹೋದರೆ ಇನ್ನೊಂದು ಬಂದು ಕೂರುತ್ತದೆ. ಚರ್ಮ ಸಿಗದ ಹಾಗೆ ಹಲ್ಲುಗಳನ್ನು ಒತ್ತೊತ್ತಾಗಿ ಕೊರೆದ ಬ್ಲೇಡಿಗೆ ದಪ್ಪ ಕೂದಲು ಸಲೀಸಾಗಿ ಹೋಗುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ದಪ್ಪ ಕೂದಲಿಗೆಂದು ಅಗಲ ಸಂದಿ ಬಿಟ್ಟ ಬ್ಲೇಡಿನಲ್ಲಿ ಎಳೆ ಚರ್ಮ ಸಿಕ್ಕಿಬೀಳಬಹುದು. ಹಾಗಾಗಿ ‘ಮಕ್ಕಳಿಗೆ ಬೆಸ್ಟ್ ಯಾವುದು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಷ್ಟು ವಯಸ್ಸಿನ ಮಗು, ಎಂಥ ಕೂದಲು ಎಂದು ಮೊದಲು ಹೇಳಬೇಕು.

ಬ್ಲೇಡನ್ನು ಹತ್ತಿರದಿಂದ ನೋಡಿ

ಕ್ಲಿಪ್ಪರ್‌ನ ಮೂತಿಯಲ್ಲಿ ಬಾಚಣಿಗೆಯಂಥ ಎರಡು ಬ್ಲೇಡುಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ಅಲುಗಾಡುವುದಿಲ್ಲ, ಚರ್ಮಕ್ಕೆ ತಾಗುವುದು ಅದೇ. ಮೇಲಿನದು ಎಡಕ್ಕೂ ಬಲಕ್ಕೂ ಓಡಾಡುತ್ತ, ಕೆಳಗಿನ ಹಲ್ಲುಗಳ ಸಂದಿಗೆ ಬಂದ ಕೂದಲನ್ನು ಕತ್ತರಿಸುತ್ತದೆ. ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ತುಸು ಹಿಂದೆ ಇರಲೇಬೇಕು. ಮಕ್ಕಳ ತಲೆಗೆ ಈ ಅಂತರ ಸುಮಾರು 0.8 ರಿಂದ 1 ಮಿ.ಮೀ. ಇದ್ದರೆ ಒಳ್ಳೆಯದು. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಇರುತ್ತದೆ. ಮಿಷನ್ ಆಫ್ ಮಾಡಿ, ಕಾರ್ಡಿನ ಅಂಚನ್ನು ಬ್ಲೇಡಿನ ಪಕ್ಕ ಹಿಡಿದು ನೋಡಿದರೆ ಅಂತರ ಸಾಕೋ ಸಾಲದೋ ಗೊತ್ತಾಗುತ್ತದೆ. ಪಕ್ಕದಲ್ಲಿ ಬ್ಲೇಡನ್ನು ಹಿಂದೆ ಮುಂದೆ ಸರಿಸುವ ಸನ್ನೆ (ಲಿವರ್) ಇರುವ ಕ್ಲಿಪ್ಪರ್ ಆದರೆ ಸನ್ನೆಯನ್ನು ಅತಿ ಗಿಡ್ಡ ಅಳತೆಗೆ ಇಟ್ಟು ನೋಡಬೇಕು, ಏಕೆಂದರೆ ಚರ್ಮಕ್ಕೆ ಅಪಾಯ ಇರುವುದು ಆ ಸ್ಥಿತಿಯಲ್ಲೇ. ಎರಡು ಅಂಚುಗಳೂ ಸಮಾನಾಂತರವಾಗಿರಬೇಕು. ಮೇಲಿನದು ಒಂದು ಮೂಲೆಯಲ್ಲಿ ಮುಂದೆ ಚಾಚಿದ್ದರೆ ಆ ಮೂಲೆ ಚರ್ಮ ಕೊಯ್ಯುತ್ತದೆ.

ಸಲೂನುಗಳಲ್ಲಿ ಗೆರೆ ಚೂಪಾಗಿ ಬರಲೆಂದು ಈ ಅಂತರವನ್ನು ಬಹುತೇಕ ಇಲ್ಲವಾಗಿಸುತ್ತಾರೆ. ಅದನ್ನೇ ಜೀರೋ ಗ್ಯಾಪ್ ಎನ್ನುವುದು. ಹಲ್ಲುಗಳು ಎರಡೂ ಬದಿಗೆ ಚಾಚಿಕೊಂಡ ‘ಟಿ’ ಆಕಾರದ ಬ್ಲೇಡಿನ ಮಿಷನ್‌ಗಳು ಬಹುಪಾಲು ಈ ಕೆಲಸಕ್ಕೇ ಹುಟ್ಟಿದವು. ಅಂಗಡಿಯವನು ಎಷ್ಟೇ ಹೊಗಳಿದರೂ ಮಕ್ಕಳಿಗೆಂದು ಅದನ್ನು ತರಬೇಡಿ. ತಲೆ ಅಲ್ಲಾಡಿಸದ ದೊಡ್ಡವರಿಗೆ, ಪಳಗಿದ ಕೈಗೆ ಮಾತ್ರ ಅದು ಸರಿ.

ಹಲ್ಲಿನ ತುದಿಯನ್ನೂ ಪರೀಕ್ಷಿಸಬೇಕು. ಆಫ್ ಇರುವಾಗ ಕೆಳಗಿನ ಬ್ಲೇಡಿನ ತುದಿಗಳನ್ನು ಹೆಬ್ಬೆರಳಿಗೆ ಮೆಲ್ಲಗೆ ಒತ್ತಿ. ಮೊಂಡಾಗಿ, ನುಣುಪಾಗಿ ಇದ್ದರೆ ಸರಿ. ಚುಚ್ಚಿದರೆ ವಾಪಸ್ ಕೊಡಿ. ಆಮೇಲೆ ಆನ್ ಮಾಡಿ, ಗಾರ್ಡ್ (ಕೂದಲ ಉದ್ದ ನಿಗದಿ ಮಾಡಲು ಬ್ಲೇಡಿಗೆ ಸಿಕ್ಕಿಸುವ ಬಾಚಣಿಗೆ) ಇಲ್ಲದೆ ನಿಮ್ಮದೇ ಮುಂಗೈಯ ಒಳಬದಿಯ ಮೇಲೆ ಒತ್ತದೆ ಓಡಿಸಿ. ಅಲ್ಲಿ ಉರಿದರೆ ಮಗುವಿನ ಕಿವಿಯ ಹಿಂದೆ ಖಂಡಿತ ಉರಿಯುತ್ತದೆ.

ಸ್ಟೀಲೋ ಸೆರಾಮಿಕ್ಕೋ ಎಂಬ ಚರ್ಚೆಗೆ ಇಷ್ಟು ಸಾಕು: ಓಡಾಡುವ ಬ್ಲೇಡು ಸೆರಾಮಿಕ್ ಆಗಿದ್ದರೆ ತಿಕ್ಕಾಟದಿಂದ ಏರುವ ಬಿಸಿ ಕಡಿಮೆ, ಆದರೆ ನೆಲಕ್ಕೆ ಬಿದ್ದರೆ ಹಲ್ಲು ಮುರಿಯುತ್ತದೆ. ಮಗು ಕೊಸರಾಡುವ ಮನೆಯಲ್ಲಿ ಮಿಷನ್ ಬೀಳದೆ ಇರುವುದಿಲ್ಲ. ಟೈಟೇನಿಯಂ ಎಂಬುದು ಹೆಚ್ಚಿನ ಕಡೆ ಬರೀ ಲೇಪನ.

ಹುಟ್ಟುಗೂದಲು ಬೇರೆ, ಐದು ವರ್ಷದ ಕೂದಲು ಬೇರೆ

ಒಂದೆರಡು ವರ್ಷದವರೆಗೆ ಕೂದಲು ತೆಳು, ಮೆತ್ತಗೆ. ಬ್ಲೇಡು ಮೊಂಡಾಗಿದ್ದರೆ ಅದು ಕತ್ತರಿಸಿಕೊಳ್ಳದೆ ಎರಡು ಬ್ಲೇಡುಗಳ ನಡುವೆ ಮಡಚಿಕೊಳ್ಳುತ್ತದೆ, ಮಿಷನ್ ಎತ್ತುವಾಗ ಕಿತ್ತು ಬರುತ್ತದೆ. ಇದಕ್ಕೆ ಬೇಕಾದದ್ದು ದೊಡ್ಡ ಮೋಟಾರಲ್ಲ, ಹರಿತವಾದ, ಸಣ್ಣ ಹಲ್ಲಿನ ಬ್ಲೇಡು. ‘ಬೇಬಿ ಕ್ಲಿಪ್ಪರ್’ ಎಂದು ಮಾರುವ ಪುಟ್ಟ ಮಿಷನ್‌ಗಳು ಈ ವಯಸ್ಸಿಗೆ ಸರಿಹೋಗುತ್ತವೆ. ಅದನ್ನೇ ಯುಕೆಜಿ ಹುಡುಗನ ದಟ್ಟ ಕೂದಲಿಗೆ ಹಾಕಿದರೆ ನಾಲ್ಕು ಸಲ ಎಳೆಯುವಷ್ಟರಲ್ಲಿ ಹಲ್ಲು ತುಂಬಿಕೊಂಡು ಮೋಟಾರು ಮುಲುಗುತ್ತದೆ. ಮೂರು ವರ್ಷ ದಾಟಿದ ಮಗುವಿಗೆ, ಅದರಲ್ಲೂ ದಪ್ಪ ಅಥವಾ ಗುಂಗುರು ಕೂದಲಿದ್ದರೆ, ಸುಮಾರು 40 ರಿಂದ 45 ಮಿ.ಮೀ. ಅಗಲದ ಬ್ಲೇಡಿರುವ ಮಾಮೂಲಿ ಕ್ಲಿಪ್ಪರೇ ಸರಿ. ಒಂದೇ ಮಿಷನ್ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಬೇಬಿ ಕ್ಲಿಪ್ಪರ್‌ಗೆ ಹೆಚ್ಚೆಂದರೆ ಎರಡು ವರ್ಷ ಕೆಲಸ.

ಜವಳ ತೆಗೆಸಿದ ಮೇಲೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ನಂಬಿಕೆ ಇದೆ. ಬೋಳಿಸಿದ್ದರಿಂದ ಬೇರು ಬದಲಾಗುವುದಿಲ್ಲ. ಚೂಪು ತುದಿಯ ಎಳೆಗೂದಲನ್ನು ಅಡ್ಡ ಕತ್ತರಿಸಿದಾಗ ತುದಿ ಮೊಂಡಾಗಿ, ಮುಟ್ಟಿದರೆ ಒರಟು ಅನ್ನಿಸುತ್ತದೆ, ಅಷ್ಟೆ. ಮಗು ಬೆಳೆದಂತೆ ಕೂದಲು ತಾನಾಗಿಯೇ ದಪ್ಪವಾಗುತ್ತದೆ, ಹೆಸರು ಮಾತ್ರ ಜವಳಕ್ಕೆ. ಇನ್ನು ಎಳೆ ನೆತ್ತಿಯ ವಿಷಯ. ಮುಂದಲೆಯ ಮೆತ್ತನೆ ಜಾಗ ಸಾಮಾನ್ಯವಾಗಿ 12 ರಿಂದ 18 ತಿಂಗಳ ಹೊತ್ತಿಗೆ ಗಟ್ಟಿಯಾಗುತ್ತದೆ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ಗಾರ್ಡ್ ಹಾಕಿದ ಕ್ಲಿಪ್ಪರ್ ಅಲ್ಲಿ ಸವರಿಕೊಂಡು ಹೋದರೆ ತೊಂದರೆಯಿಲ್ಲ, ಒತ್ತಬಾರದು. ಕೂಸಿನ ತಲೆಯಲ್ಲಿ ಹಳದಿ ಹಕ್ಕಳೆ ಕಟ್ಟಿದ್ದರೆ ಮೊದಲು ಎಣ್ಣೆ ಹಚ್ಚಿ ನೆನೆಸಿ, ತೊಳೆದು, ಅದು ಹೋದ ಮೇಲೆ ಕಟಿಂಗ್ ಮಾಡಿ. ಹಲ್ಲು ಹಕ್ಕಳೆಗೆ ಸಿಕ್ಕಿದರೆ ರಕ್ತ ಬರುತ್ತದೆ.

ಅಪ್ಪನ ಗಡ್ಡದ ಟ್ರಿಮ್ಮರ್ ಸಾಲದೇ?

ಮನೆಯಲ್ಲಿ ಇರುವುದು ಅದೇ, ಹಾಗಾಗಿ ಈ ಪ್ರಶ್ನೆ ಎಲ್ಲರದೂ. ತುರ್ತಿಗೆ ಆದೀತು. ಆದರೆ ಟ್ರಿಮ್ಮರಿನ ಬ್ಲೇಡು ಕಿರಿದು, ಸುಮಾರು 30 ಮಿ.ಮೀ. ಇಡೀ ತಲೆಗೆ ಸುಮಾರು ಒಂದೂವರೆ ಪಟ್ಟು ಸಲ ಓಡಿಸಬೇಕು, ಪಟ್ಟೆ ಪಟ್ಟೆ ಉಳಿಯುತ್ತದೆ, ಮಗುವಿನ ತಾಳ್ಮೆ ಅಷ್ಟು ಹೊತ್ತು ಇರುವುದಿಲ್ಲ. ಅದರ ಕೋಂಬ್ ಹಲವು ಮಾಡೆಲ್‌ಗಳಲ್ಲಿ 10 ಮಿ.ಮೀ.ಗೇ ಮುಗಿಯುತ್ತದೆ, ನೆತ್ತಿಯ ಮೇಲೆ ಒಂದಿಷ್ಟು ಕೂದಲು ಬಿಡಬೇಕೆಂದರೆ ಅಳತೆಯೇ ಇಲ್ಲ. ಉದ್ದ ಹೊಂದಿಸಿಕೊಳ್ಳುವ ಜಾರು ಕೋಂಬ್‌ಗೆ ಇನ್ನೊಂದು ದೋಷ: ಒತ್ತಿದಾಗ ಒಂದು ಮೆಟ್ಟಿಲು ಒಳಗೆ ಜಾರಿ, 12 ಇದ್ದದ್ದು 9 ಆಗಿಬಿಡುತ್ತದೆ. ಗಡ್ಡಕ್ಕೆ ಬಳಸಿದ ಬ್ಲೇಡನ್ನೇ ಮಗುವಿಗೆ ಹಾಕುವುದೂ ಒಳ್ಳೆಯ ಅಭ್ಯಾಸವಲ್ಲ.

ಮೋಟಾರು: ಗುಂಯ್ ಎನ್ನುವುದು, ಗಡಗಡ ಎನ್ನುವುದು

ಕರೆಂಟಿಗೆ ನೇರ ಸಿಕ್ಕಿಸುವ ಹಳೆ ಮಾದರಿಯ ಕ್ಲಿಪ್ಪರ್‌ಗಳಲ್ಲಿ ಹೆಚ್ಚಿನವು ವಿದ್ಯುತ್ ಕಾಂತದಿಂದ ನಡೆಯುತ್ತವೆ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಲಿಯೊ ವಾಲ್ 1919ರ ಹೊತ್ತಿಗೆ ತಯಾರಿಸಿದ್ದು ಈ ಬಗೆಯದೇ. ಸುರುಳಿಯೊಂದು ಕಬ್ಬಿಣದ ತೋಳನ್ನು ಎಳೆಯುತ್ತದೆ, ಸ್ಪ್ರಿಂಗ್ ಹಿಂದಕ್ಕೆ ತಳ್ಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಪ್ರತಿ ಆವರ್ತನಕ್ಕೆ ಎರಡು ಸಲದಂತೆ ಸೆಕೆಂಡಿಗೆ 100, ನಿಮಿಷಕ್ಕೆ 6000 ಸಲ ಬ್ಲೇಡು ಓಡಾಡುತ್ತದೆ. ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುತ್ತದೆ. ಆದರೆ ಸ್ವಿಚ್ ಹಾಕಿದ ಕ್ಷಣ ‘ಟಕ್’ ಎಂದು ಸದ್ದು ಮಾಡುತ್ತದೆ, ಕೈಯೆಲ್ಲ ನಡುಗಿಸುತ್ತದೆ, ವೋಲ್ಟೇಜ್ ಇಳಿದರೆ ಬಲ ಕುಂದುತ್ತದೆ, ಕರೆಂಟ್ ಹೋದರೆ ಅರ್ಧ ತಲೆಯಲ್ಲೇ ನಿಲ್ಲುತ್ತದೆ.

ರೋಟರಿ ಮೋಟಾರಿನದು ಬೇರೆ ರೀತಿ. ಸಣ್ಣ ಡಿಸಿ ಮೋಟಾರು ತಿರುಗಿ, ಅದರ ತುದಿಯಲ್ಲಿ ನಡುವಿನಿಂದ ಸರಿದು ಕೂತ ಕಡ್ಡಿ ಬ್ಲೇಡನ್ನು ಅಡ್ಡಡ್ಡ ತಳ್ಳುತ್ತದೆ. ಬ್ಯಾಟರಿಯವೆಲ್ಲ ಸಾಮಾನ್ಯವಾಗಿ ಇವೇ. ಸದ್ದು ಒಂದೇ ಸಮ, ನಡುಕ ಕಡಿಮೆ. ಮಕ್ಕಳಿಗೆ ಇದೇ ವಾಸಿ. ಅವರಿಗೆ ತಡೆಯಲಾಗದ್ದು ಎಷ್ಟೋ ಸಲ ಸದ್ದಿಗಿಂತ ಕಿವಿಯ ಹಿಂದಿನ ಎಲುಬಿಗೆ ತಾಗುವ ಆ ನಡುಕ. ಅಂಗಡಿಯಲ್ಲಿ ಆನ್ ಮಾಡಿಸಿ ಮಿಷನ್ನಿನ ಬೆನ್ನನ್ನು ನಿಮ್ಮದೇ ಕಿವಿಯ ಹಿಂದೆ ಒಮ್ಮೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಪೇಟೆಯ ಗದ್ದಲದಲ್ಲಿ ಸದ್ದು ಕಡಿಮೆ ಅನ್ನಿಸೀತು, ಆದರೆ ನಡುಕ ಮೋಸ ಮಾಡುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಎರಡು ಮಾತು ಕೇಳಿ ಕೊಳ್ಳಿ. ಚಾರ್ಜ್ ಆಗುತ್ತಿರುವಾಗಲೂ ಓಡುತ್ತದೆಯೇ? ಕೆಲವು ಮಿಷನ್‌ಗಳು ವೈರ್ ಸಿಕ್ಕಿಸಿದರೆ ಓಡುವುದೇ ಇಲ್ಲ. ಬಲಗಡೆ ಮುಗಿದು ಎಡಗಡೆ ಬಾಕಿ ಇರುವಾಗ ಚಾರ್ಜ್ ಮುಗಿದರೆ ಮಗುವನ್ನು ಹಾಗೇ ಎಬ್ಬಿಸಬೇಕಾಗುತ್ತದೆ. ಎರಡನೆಯದು, ಯಾವ ಕೇಬಲ್ ಜೊತೆಗಿದೆ? ಅಗ್ಗದ ಮಿಷನ್‌ಗಳಲ್ಲಿ ಟೈಪ್ ಸಿ ತೂತು ಇದ್ದರೂ ಎರಡೂ ತುದಿ ಸಿ ಇರುವ ಫೋನ್ ಕೇಬಲ್‌ನಿಂದ ಚಾರ್ಜ್ ಆಗದಿರುವುದುಂಟು. ಕೆಟ್ಟಿದೆ ಎಂದು ಎಸೆಯುವ ಮೊದಲು ಹಳೆಯ ಅಗಲ ಮೂತಿಯ ಯುಎಸ್‌ಬಿ ಕೇಬಲ್ಲು, 5 ವೋಲ್ಟಿನ ಸಾದಾ ಚಾರ್ಜರ್ ಹಾಕಿ ನೋಡಿ.

ಅಮೆರಿಕದಿಂದ ಅಣ್ಣನೋ ಮಗಳೋ ತಂದುಕೊಡುವ ಕ್ಲಿಪ್ಪರಿನ ಕಥೆ ಬೇರೆ. ಅದರ ಮೈಮೇಲೆ 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಬರೀ ಪ್ಲಗ್ ಕನ್ವರ್ಟರ್ ಹಾಕಿ ಸಿಕ್ಕಿಸಿದೊಡನೆ ಸುರುಳಿ ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಆವರ್ತನ 50ರಲ್ಲೇ ಇರುತ್ತದೆ. ಕಾಂತದ ಮೋಟಾರನ್ನು 60ಕ್ಕೆ ಹೊಂದಿಸಿರುವುದರಿಂದ ಅದು ಬಲ ಕಳೆದುಕೊಂಡು ಬಿಸಿಯಾಗುತ್ತದೆ. ಚಾರ್ಜರ್ ಮೇಲೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದು ಬರೆದಿರುವ ಬ್ಯಾಟರಿ ಕ್ಲಿಪ್ಪರ್ ಆದರೆ ಬೆಂಗಳೂರಲ್ಲೂ ಡಲ್ಲಾಸ್‌ನಲ್ಲೂ ನಡೆಯುತ್ತದೆ.

‘ವಾಟರ್‌ಪ್ರೂಫ್’ ಎಂದಿದ್ದರೆ ಎಷ್ಟರ ಮಟ್ಟಿಗೆ ಎಂದು ನೋಡಿ. ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ. ‘ತೊಳೆಯಬಹುದಾದ ಬ್ಲೇಡ್’ ಎಂದಷ್ಟೇ ಇದ್ದರೆ ಬ್ಲೇಡನ್ನು ಬಿಚ್ಚಿ ತೊಳೆಯಬೇಕು, ಮಿಷನ್ ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ.

ಗಾರ್ಡಿನ ನಂಬರ್

ಸಲೂನಿನಲ್ಲಿ ‘ಸೈಡಿಗೆ ಮೂರು ಹಾಕಿ’ ಎನ್ನುತ್ತೇವಲ್ಲ, ಆ ಲೆಕ್ಕ ಸರಳ. ಒಂದೊಂದು ನಂಬರಿಗೂ ಇಂಚಿನ ಎಂಟನೇ ಒಂದು ಭಾಗ. ಹಾಗಾಗಿ 1 ಎಂದರೆ ಸುಮಾರು 3 ಮಿ.ಮೀ., 2 ಎಂದರೆ 6, 3 ಎಂದರೆ 10, 4 ಎಂದರೆ 13, 6 ಎಂದರೆ 19, 8 ಎಂದರೆ 25. ಕೆಲವು ಕಂಪನಿಗಳು ನಂಬರ್ ಬಿಟ್ಟು ನೇರ ಮಿ.ಮೀ. ಅಚ್ಚು ಹಾಕುತ್ತವೆ. ಗಾರ್ಡಿನ ಮೇಲಿನ ‘3’ ನಂಬರ್ ಮೂರೋ 3 ಮಿ.ಮೀ.ಯೋ ಎಂದು ನೋಡದೆ ಹಾಕಿ, 10 ಬರಬೇಕಾದಲ್ಲಿ ಬುರುಡೆ ಕಾಣಿಸಿದ ಮನೆಗಳು ಕಡಿಮೆಯಿಲ್ಲ.

ಮಕ್ಕಳಿಗೆ ಮುಖ್ಯವಾಗಿ ಬೇಕಾಗುವುದು 6, 10, 13, 16, 19 ಮಿ.ಮೀ. ಇವು ಬಿಡಿಬಿಡಿ ಗಾರ್ಡುಗಳಾಗಿ ಬಂದರೆ ಜಾರು ಕೋಂಬಿಗಿಂತ ನಂಬಬಹುದು. ಸಿಕ್ಕಿಸಿದಾಗ ‘ಕಟ್’ ಎಂದು ಕೂರಬೇಕು, ಹಲ್ಲಿನ ಕಡೆಯಿಂದ ಹೆಬ್ಬೆರಳಲ್ಲಿ ತಳ್ಳಿದರೆ ಏಳಬಾರದು. ನೆತ್ತಿಯ ನಡುವೆ ಗಾರ್ಡ್ ಕಳಚಿದರೆ ಒಂದೇ ಎಳೆತಕ್ಕೆ ಬೋಳು ಪಟ್ಟೆ ಬೀಳುತ್ತದೆ, ಅದನ್ನು ಮುಚ್ಚಲು ಇಡೀ ತಲೆ ಇಳಿಸುವುದೊಂದೇ ದಾರಿ. ಒಂದು ಕಂಪನಿಯ ಗಾರ್ಡ್ ಇನ್ನೊಂದಕ್ಕೆ ಸರಿಯಾಗಿ ಕೂರುವುದು ಅಪರೂಪ. ಕೂತಂತೆ ಕಂಡರೂ ನಂಬಬೇಡಿ.

ಪಕ್ಕದ ಸನ್ನೆ ಇದ್ದರೆ ಒಳ್ಳೆಯದು. ಅದನ್ನು ತೆರೆದಿಟ್ಟರೆ ಅದೇ ಗಾರ್ಡ್ ಒಂದೆರಡು ಮಿ.ಮೀ. ಹೆಚ್ಚು ಉದ್ದ ಬಿಡುತ್ತದೆ. ಹಲ್ಲಿಗೆ ಕೂದಲು ಸಿಕ್ಕಿ ಮೋಟಾರು ಮುಲುಗಿದಾಗ, ಓಡುತ್ತಿರುವಂತೆಯೇ ಸನ್ನೆಯನ್ನು ಒಂದೆರಡು ಸಲ ಹಿಂದೆ ಮುಂದೆ ಮಾಡಿದರೆ ಬಿಡುಗಡೆಯಾಗುತ್ತದೆ.

ಕೂರಿಸಿದ ಮೇಲೆ

ತಲೆಗೆ ಎಣ್ಣೆ ಹಚ್ಚಿದ ದಿನ ಕಟಿಂಗ್ ಬೇಡ. ಎಣ್ಣೆಗೂದಲು ಗುಂಪುಗುಂಪಾಗಿ ಅಂಟಿಕೊಂಡು ಗಾರ್ಡಿನೊಳಗೆ ನುಗ್ಗುವುದಿಲ್ಲ, ನುಗ್ಗಿದ್ದು ಹೊರಬರುವುದಿಲ್ಲ. ಹಿಂದಿನ ದಿನವೋ ಬೆಳಿಗ್ಗೆಯೋ ತಲೆಗೆ ಸ್ನಾನ ಮಾಡಿಸಿ ಚೆನ್ನಾಗಿ ಒಣಗಿಸಿ. ಒದ್ದೆ ಕೂದಲಿಗೂ ಮಿಷನ್ ಹಾಕಬಾರದು. ಅದು ಚಪ್ಪಟೆಯಾಗಿ ಮಲಗಿ, ಒಣಗಿದ ಮೇಲೆ ಅಲ್ಲಲ್ಲಿ ಎದ್ದು ನಿಲ್ಲುತ್ತದೆ. ನಾಲ್ಕೈದು ಸೆಂ.ಮೀ.ಗಿಂತ ಉದ್ದವಿದ್ದರೆ ಮೊದಲು ಕತ್ತರಿಯಲ್ಲಿ ಮೂರು ಸೆಂ.ಮೀ.ಗೆ ಇಳಿಸಿಕೊಳ್ಳಿ.

ಹೆಗಲಿಗೆ ಟವೆಲ್‌ಗಿಂತ ಹಳೆಯ ಪಂಚೆ ಮೇಲು, ಟವೆಲಿನ ನೂಲಿಗೆ ಕೂದಲು ಕಚ್ಚಿಕೊಳ್ಳುತ್ತದೆ. ಬೆಳಕಿರುವ ಜಗಲಿಯಲ್ಲಿ ಕೂರಿಸಿ, ಮಿಷನನ್ನು ಮೊದಲು ದೂರದಲ್ಲಿ ಆನ್ ಮಾಡಿ. ಆಮೇಲೆ ಅದರ ಬೆನ್ನನ್ನು ಮಗುವಿನ ಅಂಗೈಗೆ ಮುಟ್ಟಿಸಿ, ಹೆಗಲಿಗೆ ಮುಟ್ಟಿಸಿ, ಕೊನೆಗೆ ತಲೆಗೆ ಬನ್ನಿ. ಸದ್ದು, ಸ್ಪರ್ಶ ತಡೆಯಲಾಗದ ಮಕ್ಕಳಿಗೆ ಈ ಹೆಜ್ಜೆಯೇ ಬೇರೆ ಬೇರೆ ದಿನಗಳಿಗೆ ಹಂಚಿಹೋಗಬಹುದು, ಹೋಗಲಿ. ಕೈಗೆ ಮೊಬೈಲ್ ಕೊಡುವುದಿದ್ದರೆ ಅದನ್ನೂ ಕೆಲಸಕ್ಕೆ ಹಚ್ಚಿ. ತೊಡೆಯ ಮೇಲಿದ್ದರೆ ಕತ್ತು ಬಗ್ಗುತ್ತದೆ, ಆಗ ಹಿಂಗತ್ತು ಮುಗಿಸಿ; ಕಣ್ಣಿನ ಮಟ್ಟದಲ್ಲಿಟ್ಟರೆ ತಲೆ ನೆಟ್ಟಗಿರುತ್ತದೆ, ಆಗ ಎರಡೂ ಪಕ್ಕ ಮಾಡಿ.

ಮೊದಲ ಸಲ 16 ಅಥವಾ 19ರಿಂದ ಶುರು ಮಾಡಿ ಇಡೀ ತಲೆಗೆ ಒಂದು ಸುತ್ತು ಹಾಕಿ, ಆಮೇಲೆ ಪಕ್ಕ ಮತ್ತು ಹಿಂಭಾಗಕ್ಕೆ 10ಕ್ಕೆ ಇಳಿಯಿರಿ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ನಿಧಾನ ತಳ್ಳಬೇಕು. ಅವಸರದಲ್ಲಿ ತಳ್ಳಿದರೆ ಬ್ಲೇಡು ಕತ್ತರಿಸುವ ಮೊದಲೇ ಮಿಷನ್ ಮುಂದೆ ಹೋಗಿರುತ್ತದೆ. ಎಳೆತವೂ ಗೆರೆಯೂ ಬರುವುದು ಅದರಿಂದಲೇ. ಪಕ್ಕದ ಗಿಡ್ಡ ಭಾಗ ಮೇಲಿನ ಉದ್ದ ಭಾಗಕ್ಕೆ ಸೇರುವ ಜಾಗದಲ್ಲಿ ಮಿಷನನ್ನು ತಲೆಯ ದುಂಡನ್ನು ಅನುಸರಿಸದೆ ಹೊರಕ್ಕೆ ಎತ್ತಿಬಿಡಬೇಕು. 10ರಿಂದ 16ಕ್ಕೆ ಮೆಟ್ಟಿಲು ಕಂಡರೆ ನಡುವೆ 13 ಹಾಕಿ ಸವರಿ.

ಸುಳಿಯ ಹತ್ತಿರ ಜೋಪಾನ. ಅಲ್ಲಿ ಕೂದಲು ಸುತ್ತಲೂ ಹರಡುತ್ತದೆ, ಗಿಡ್ಡವಾದಷ್ಟೂ ನೆಟ್ಟಗೆ ನಿಲ್ಲುತ್ತದೆ. ಸುತ್ತಲಿನ ಕೂದಲಿಗಿಂತ ಒಂದು ನಂಬರ್ ಉದ್ದವೇ ಬಿಡಿ. ಎರಡು ಸುಳಿ ಇದ್ದರೆ ಎರಡು ಮದುವೆಯೋ ಇಲ್ಲವೋ, ಕಟಿಂಗ್ ಮಾಡುವವರಿಗಂತೂ ಎರಡು ಪಟ್ಟು ಕೆಲಸ.

ಕಿವಿಯನ್ನು ಬೆರಳಿನಿಂದ ಮುಂದಕ್ಕೆ ಮಡಿಸಿ ಹಿಡಿದು ಅದರ ಹಿಂದೆ ಮಾಡಿ. ಅಲ್ಲಿ, ಹಿಂಗತ್ತಿನಲ್ಲಿ ಚರ್ಮ ಸಡಿಲ. ಇನ್ನೊಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿಯದೆ ಗಾರ್ಡಿಲ್ಲದ ಬ್ಲೇಡು ತರಬೇಡಿ. ಮಗು ಅಲ್ಲಾಡುತ್ತಿದ್ದರೆ ಗಾರ್ಡ್ ತೆಗೆಯಲೇಬೇಡಿ, ಅಂಚು ಸ್ವಲ್ಪ ಒರಟಾದರೆ ಏನೂ ಹೋಗುವುದಿಲ್ಲ. ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ. ನಿಮಗೆ ಬೆಚ್ಚಗೆ ಅನ್ನಿಸಿದ್ದು ಮಗುವಿಗೆ ಸುಡಬಹುದು.

ಎಣ್ಣೆ, ಸ್ಪಿರಿಟ್, ಹುಳುಕಡ್ಡಿ

ಹೊಸದರಲ್ಲಿ ಚೆನ್ನಾಗಿದ್ದ ಕ್ಲಿಪ್ಪರ್ ಮೂರು ತಿಂಗಳಿಗೆ ಎಳೆಯತೊಡಗಿದರೆ ಬ್ಲೇಡು ಸವೆದಿದೆ ಎಂದುಕೊಳ್ಳಬೇಡಿ, ಒಣಗಿರುತ್ತದೆ. ಕಟಿಂಗ್ ಮುಗಿದೊಡನೆ ಬ್ರಷ್‌ನಲ್ಲಿ ಕೂದಲು ತೆಗೆದು, ಹಲ್ಲುಗಳ ಮೇಲೆ ಎರಡು ಮೂರು ಹನಿ ಎಣ್ಣೆ ಬಿಟ್ಟು, ಹತ್ತು ಸೆಕೆಂಡ್ ಓಡಿಸಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಜೊತೆಗೆ ಬಂದ ಶೀಶೆ ಮುಗಿದರೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ; ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬ್ಲೇಡುಗಳು ಒಂದಕ್ಕೊಂದು ಅಂಟಿ ಕೂರುತ್ತವೆ.

ಒಂದಕ್ಕಿಂತ ಹೆಚ್ಚು ತಲೆಗೆ ಬಳಸುವುದಾದರೆ ನಡುವೆ ಬ್ಲೇಡನ್ನು 70 ಶೇಕಡಾ ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಎಣ್ಣೆ ಬಿಡಿ. ಗಾರ್ಡುಗಳನ್ನು ಸೋಪಿನಲ್ಲಿ ತೊಳೆದು ಒಣಗಿಸಿ. ತಲೆಯ ಹುಳುಕಡ್ಡಿ ಮಕ್ಕಳಲ್ಲೇ ಹೆಚ್ಚು, ಅದು ಹರಡುವ ದಾರಿಗಳಲ್ಲಿ ಕಟಿಂಗ್ ಮಿಷನ್ನೂ ಒಂದು. ಕೂದಲು ಬುಡದಲ್ಲೇ ಮುರಿದು, ಹೊಟ್ಟೆದ್ದ ದುಂಡು ಕಲೆ ಕಂಡರೆ ಕಟಿಂಗ್ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ. ಮೇಲೆ ಹಚ್ಚುವ ಮುಲಾಮಿನಿಂದಷ್ಟೇ ಅದು ಹೋಗುವುದಿಲ್ಲ, ನುಂಗುವ ಔಷಧಿ ಬೇಕಾಗುತ್ತದೆ. ವಾಸಿಯಾಗುವವರೆಗೆ ಆ ಮಗುವಿನ ಬ್ಲೇಡು, ಬಾಚಣಿಗೆ ಬೇರೆ ಇರಲಿ.

ಎಣ್ಣೆ ಹಾಕಿ, ಬಿಚ್ಚಿ ತೊಳೆದು, ಪೂರ್ತಿ ಚಾರ್ಜ್ ಮಾಡಿದ ಮೇಲೂ ಎಳೆದರೆ ಆಗ ಬ್ಲೇಡು ಬದಲಿಸುವ ಹೊತ್ತು. ಬಿಚ್ಚಿ ಕೂರಿಸುವಾಗಲೆಲ್ಲ ಎಟಿಎಂ ಕಾರ್ಡಿನ ಅಳತೆಯಲ್ಲಿ ಅಂತರ ನೋಡಿ ಸ್ಕ್ರೂ ಬಿಗಿ ಮಾಡಿ. ಸಾಣೆ ಹಿಡಿಸುವುದು ಅಗ್ಗದ ಬ್ಲೇಡಿಗೆ ಲಾಭವಿಲ್ಲ, ಹೊಸ ಸೆಟ್ಟೇ ಹಾಕಬೇಕು. ಹಾಗಾಗಿ ಕೊಳ್ಳುವ ದಿನವೇ ಆ ಮಾಡೆಲಿನ ಬ್ಲೇಡು ಬಿಡಿಯಾಗಿ ಮಾರಾಟಕ್ಕಿದೆಯೇ ಎಂದು ಹುಡುಕಿ ನೋಡಿ. ಸಿಗದಿದ್ದರೆ ಬ್ಲೇಡು ಹೋದ ದಿನ ಇಡೀ ಮಿಷನ್ ಹೋದಂತೆ.